ಎಬಿಎಸ್ ಲೈಟ್ ಆರುತ್ತಿಲ್ಲವೇ? ಚಕ್ರದ ಸ್ಪೀಡ್ ಸೆನ್ಸರ್ ಮನೆಯಲ್ಲೇ ಬಿಚ್ಚಿ ನೋಡುವುದು ಹೀಗೆ

ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ವ್ಯವಸ್ಥೆ ಎಬಿಎಸ್. ಪ್ರತಿ ಚಕ್ರದ ವೇಗವನ್ನು ಅದಕ್ಕೆ ತಿಳಿಸುವುದು ಸ್ಪೀಡ್ ಸೆನ್ಸರ್. ಕಾರಿನ ಮೀಟರಿನಲ್ಲಿ ಹಳದಿ ಎಬಿಎಸ್ ಲೈಟ್ ಹತ್ತಿಕೊಂಡು ಆರದೇ ಹೋದರೆ ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತಾರೆ. ಬ್ರೇಕ್ ಹಿಡಿಯುತ್ತಿದೆಯಲ್ಲ ಎಂದುಕೊಂಡು ತಿಂಗಳುಗಟ್ಟಲೆ ಹಾಗೇ ಓಡಿಸುತ್ತಾರೆ. ಇಲ್ಲವೇ ಗ್ಯಾರೇಜಿಗೆ ಹೋಗಿ, ‘ಸೆನ್ಸರ್ ಹೋಗಿದೆ, ಹೊಸದು ಹಾಕಬೇಕು’ ಎಂಬ ಮಾತಿಗೆ ಒಪ್ಪಿ ದುಡ್ಡು ಕೊಟ್ಟು ಬರುತ್ತಾರೆ. ಸೆನ್ಸರ್ ಒಳಗೇ ಕೆಟ್ಟಿರುವುದು ಈ ಲೈಟಿಗೆ ಇರುವ ಹಲವು ಕಾರಣಗಳಲ್ಲಿ ಒಂದು ಮಾತ್ರ. ತುದಿಗೆ ಮೆತ್ತಿಕೊಂಡ ಕಬ್ಬಿಣದ ಪುಡಿ, ಟೈರಿಗೆ ಉಜ್ಜಿ ಸವೆದ ವೈರು, ನೀರು ಹೊಕ್ಕ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್), ಸೆನ್ಸರ್ ಕೂರುವ ಜಾಗದಲ್ಲಿ ಎದ್ದ ತುಕ್ಕು, ತಿರುವುಮುರುವಾಗಿ ಕೂರಿಸಿದ ಬೇರಿಂಗ್ ಕೂಡ ಇದೇ ಲೈಟ್ ಹತ್ತಿಸುತ್ತವೆ. ಆದ್ದರಿಂದ ಮೊದಲು ನೋಡಿ, ಆಮೇಲೆ ಒರೆಸಿ, ಆಮೇಲೆ ಅಳೆಯಿರಿ. ಅಷ್ಟಾದ ಮೇಲೂ ಸರಿಹೋಗದಿದ್ದರೆ ಹೊಸ ಸೆನ್ಸರ್ ತನ್ನಿ. ಒಂದು ಚಕ್ರ ಬಿಚ್ಚಿ ಹಾಕಲು ಬರುವವರು ಈ ಕೆಲಸವನ್ನು ರಜೆಯ ದಿನ ಅಂಗಳದಲ್ಲೇ ಮುಗಿಸಬಹುದು.

ಲೈಟ್ ಹತ್ತಿದ್ದರೂ ಸಾಮಾನ್ಯ ಬ್ರೇಕ್ ಹಿಡಿಯುತ್ತದೆ, ನಿಜ. ಆದರೆ ಮಳೆಗಾಲದಲ್ಲಿ ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿಯುವಾಗ ತಿರುವಿನಲ್ಲಿ ಬಸ್ಸು ಎದುರಾಗಿ ನೀವು ಪೆಡಲನ್ನು ಬಲವಾಗಿ ತುಳಿದಿರಿ ಅನ್ನಿ. ಎಬಿಎಸ್ ಇಲ್ಲದಿದ್ದರೆ ಚಕ್ರ ತಿರುಗುವುದನ್ನು ನಿಲ್ಲಿಸಿ ಜಾರತೊಡಗುತ್ತದೆ. ಜಾರುವ ಮುಂದಿನ ಚಕ್ರ ಸ್ಟೇರಿಂಗ್ ಎತ್ತ ತಿರುಗಿಸಿದರೂ ನೇರವಾಗಿಯೇ ಹೋಗುತ್ತದೆ. 1978ರಲ್ಲಿ ಬಾಷ್ ಕಂಪನಿಯ ಎಬಿಎಸ್ ಮೊದಲು ಮರ್ಸಿಡಿಸ್ ಎಸ್-ಕ್ಲಾಸ್ ಕಾರಿಗೆ ಬಂತು. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು. ಕಂತು ಕಟ್ಟಿ ಕೊಂಡ ಕಾರಿನಲ್ಲಿ ಈ ರಕ್ಷಣೆಯನ್ನು ಒಂದು ಚಿಟಿಕೆ ಮಣ್ಣಿಗಾಗಿ ಬಿಟ್ಟುಕೊಡಬೇಡಿ. ಕಾರು ಅಡ್ಡ ಜಾರದಂತೆ ತಡೆಯುವ ಇಎಸ್‌ಪಿ, ಚಕ್ರ ಸುಮ್ಮನೆ ಗಿರಗಿರನೆ ತಿರುಗದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್, ಏರಿನಲ್ಲಿ ಕಾರು ಹಿಂದಕ್ಕೆ ಜಾರದಂತೆ ಹಿಡಿಯುವ ಹಿಲ್ ಹೋಲ್ಡ್ ಎಲ್ಲವೂ ಇದೇ ನಾಲ್ಕು ಸೆನ್ಸರ್‌ಗಳನ್ನು ನಂಬಿಕೊಂಡಿವೆ. ಒಂದು ಕೈಕೊಟ್ಟರೆ ಅವೆಲ್ಲ ಸಾಮಾನ್ಯವಾಗಿ ಒಟ್ಟಿಗೇ ನಿಲ್ಲುತ್ತವೆ.

ಮುಂದೆ ಓದುವ ಮೊದಲು ಒಂದು ಎಚ್ಚರಿಕೆ. ಹಳದಿ ಎಬಿಎಸ್ ಲೈಟಿನ ಜೊತೆ ಕೆಂಪು ಬ್ರೇಕ್ ಲೈಟೂ ಹತ್ತಿದ್ದರೆ ಕಾರನ್ನು ಓಡಿಸಬೇಡಿ. ಹ್ಯಾಂಡ್ ಬ್ರೇಕ್ ಇಳಿದಿದೆಯೇ, ಬ್ರೇಕ್ ಆಯಿಲ್ ಮಟ್ಟ ಸರಿಯಿದೆಯೇ ನೋಡಿ. ಎರಡೂ ಸರಿಯಿದ್ದರೆ ಹಿಂದಿನ ಚಕ್ರಗಳಿಗೆ ಎಷ್ಟು ಬ್ರೇಕ್ ಹೋಗಬೇಕೆಂದು ಹಂಚುವ ಇಬಿಡಿ ಕೂಡ ನಿಂತಿರಬಹುದು. ಜೋರಾಗಿ ತುಳಿದರೆ ಕಾರಿನ ಹಿಂಭಾಗ ಪಕ್ಕಕ್ಕೆ ಎಳೆಯುವ ಅಪಾಯವಿದೆ. ಅಂಥ ಕಾರನ್ನು ಟೋ ಮಾಡಿಸುವುದೇ ಸರಿ.

ಒಳಗೆ ಏನು ನಡೆಯುತ್ತದೆ

ಪ್ರತಿ ಚಕ್ರದ ಹಬ್ಬಿನ (ಚಕ್ರ ಕೂರುವ ನಡುಭಾಗ) ಬಳಿ ಹೆಬ್ಬೆರಳಿನಷ್ಟು ಉದ್ದದ ಒಂದು ಸೆನ್ಸರ್ ಇರುತ್ತದೆ. ಅದರ ತುದಿಯ ಮುಂದೆ ಚಕ್ರದ ಜೊತೆ ತಿರುಗುವ ಒಂದು ಉಂಗುರ. ಹಳೆಯ ಬಗೆಯಲ್ಲಿ ಸೆನ್ಸರ್ ಎಂದರೆ ಆಯಸ್ಕಾಂತ ಮತ್ತು ಅದಕ್ಕೆ ಸುತ್ತಿದ ತಂತಿಯ ಸುರುಳಿ, ಉಂಗುರ ಎಂದರೆ ಕಬ್ಬಿಣದ ಹಲ್ಲುಚಕ್ರ. ಒಂದೊಂದು ಹಲ್ಲು ದಾಟಿದಾಗಲೂ ಸುರುಳಿಯಲ್ಲಿ ಸಣ್ಣ ಎಸಿ ವೋಲ್ಟೇಜ್ ಹುಟ್ಟುತ್ತದೆ. ವೇಗ ಹೆಚ್ಚಿದಷ್ಟೂ ವೋಲ್ಟೇಜ್ ಹೆಚ್ಚು, ನಿಧಾನಕ್ಕೆ ಹೋಗುವಾಗ ಬಹಳ ಕಡಿಮೆ. ಈಚಿನ ಕಾರುಗಳಲ್ಲಿ ಹೆಚ್ಚಾಗಿ ಇರುವುದು ಎರಡನೇ ಬಗೆ. ಅದರಲ್ಲಿ ಸೆನ್ಸರ್ ಒಳಗೆ ಒಂದು ಚಿಪ್ ಇರುತ್ತದೆ, ಅದಕ್ಕೆ ಎಬಿಎಸ್ ಯೂನಿಟ್ಟಿನಿಂದ ಕರೆಂಟ್ ಬರುತ್ತದೆ. ಎದುರಿನ ಉಂಗುರಕ್ಕೆ ಹೆಚ್ಚಾಗಿ ಹಲ್ಲು ಇರುವುದಿಲ್ಲ. ಬೇರಿಂಗಿನ ಸೀಲಿನಲ್ಲೇ ಸೇರಿಕೊಂಡ ಕಪ್ಪು ಪಟ್ಟಿ ಅದು, ಸುತ್ತಲೂ ಉತ್ತರ ದಕ್ಷಿಣ ಧ್ರುವಗಳನ್ನು ಒಂದರ ಪಕ್ಕ ಒಂದು ತುಂಬಿರುತ್ತಾರೆ. ಚಕ್ರ ತಿರುಗಿದಂತೆ ಸೆನ್ಸರ್ ಎಳೆಯುವ ಕರೆಂಟ್ ಸಾಮಾನ್ಯವಾಗಿ 7 ಮತ್ತು 14 ಮಿಲಿ ಆಂಪಿಯರ್ ನಡುವೆ ಹಾರುತ್ತದೆ. ಎಬಿಎಸ್ ಕಂಪ್ಯೂಟರ್ ಎಣಿಸುವುದು ಆ ಹಾರಾಟವನ್ನು.

ಎರಡೂ ಬಗೆಗೆ ಇರುವುದು ಎರಡೇ ವೈರು. ವೈರು ಎಣಿಸಿ ಬಗೆ ಹೇಳಲಾಗದು. ಹಲ್ಲುಚಕ್ರ ಕಂಡ ಮಾತ್ರಕ್ಕೂ ಹಳೆಯ ಬಗೆ ಎಂದು ತೀರ್ಮಾನಿಸಬೇಡಿ, ಚಿಪ್ ಇರುವ ಕೆಲವು ಸೆನ್ಸರ್‌ಗಳೂ ಹಲ್ಲುಚಕ್ರವನ್ನೇ ಓದುತ್ತವೆ. ಕಾರಿನ ಸರ್ವಿಸ್ ಮ್ಯಾನುವಲ್ ನೋಡಿ, ಇಲ್ಲವೇ ಸೆನ್ಸರ್ ಮೇಲಿನ ಪಾರ್ಟ್ ನಂಬರ್ ಹಿಡಿದು ಖಚಿತಪಡಿಸಿಕೊಳ್ಳಿ. ಅಳೆಯುವ ಹೊತ್ತಿಗೆ ಇದು ಬೇಕಾಗುತ್ತದೆ.

ತುದಿಗೂ ಉಂಗುರಕ್ಕೂ ನಡುವಿನ ಸಂದು ಸುಮಾರು ಒಂದು ಮಿಲಿಮೀಟರ್. ಹೆಚ್ಚಿನ ಕಾರುಗಳಲ್ಲಿ ಅದನ್ನು ಹೊಂದಿಸಲು ಸ್ಕ್ರೂ ಇರುವುದಿಲ್ಲ, ಸೆನ್ಸರ್ ತನ್ನ ಜಾಗದಲ್ಲಿ ಚಪ್ಪಟೆಯಾಗಿ ಕೂತರೆ ಸಂದು ತಾನಾಗಿ ಸರಿಯಿರುತ್ತದೆ. ಈಗ ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ನಾಲ್ಕಾರು ವರ್ಷ ನಿಂತ ಕಾರನ್ನು ತೆಗೆದುಕೊಳ್ಳಿ. ಸೆನ್ಸರ್ ಕೂರುವ ಕಬ್ಬಿಣಕ್ಕೆ ತುಕ್ಕು ಹತ್ತುತ್ತದೆ. ತುಕ್ಕು ಉಬ್ಬಿ ಸೆನ್ಸರನ್ನು ಕೂದಲೆಳೆಯಷ್ಟು ಮೇಲೆತ್ತುತ್ತದೆ. ವೇಗದಲ್ಲಿ ಏನೂ ಗೊತ್ತಾಗುವುದಿಲ್ಲ, ನಿಧಾನವಾದಾಗ ಸಿಗ್ನಲ್ ಕಡಿದುಹೋಗುತ್ತದೆ. ಚಕ್ರ ಲಾಕ್ ಆಗಿದೆ ಎಂದುಕೊಂಡ ಕಂಪ್ಯೂಟರ್ ಬ್ರೇಕ್ ಬಿಡಿಸುತ್ತದೆ. ಟ್ರಾಫಿಕ್ ಸಿಗ್ನಲ್ಲಿನಲ್ಲಿ ಇನ್ನೇನು ಕಾರು ನಿಲ್ಲಬೇಕು ಎನ್ನುವಾಗ ಪೆಡಲ್ ಕಾಲಿನಡಿ ಗಡಗಡ ಎಂದು, ಕಾರು ಒಂದೆರಡು ಅಡಿ ಮುಂದೆ ಹೋಗುವ ತೊಂದರೆಗೆ ಇದು ದೊಡ್ಡ ಕಾರಣ. ಎಷ್ಟೋ ಸಲ ಆಗ ಲೈಟೂ ಹತ್ತಿರುವುದಿಲ್ಲ. ಒಣರಸ್ತೆಯಲ್ಲಿ, ನಡೆಯುವಷ್ಟು ವೇಗದಲ್ಲಿ ಪೆಡಲ್ ಹೀಗೆ ಒದ್ದರೆ ಲೈಟಿಗೆ ಕಾಯದೆ ಮುಂದಿನ ಎರಡೂ ಸೆನ್ಸರ್ ಬಿಚ್ಚಿ ನೋಡಿ.

ಯಾವ ಚಕ್ರ?

ಇದಕ್ಕೆ ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಸ್ಕ್ಯಾನರ್ ಬೇಕು. ಸ್ಟೇರಿಂಗ್ ಕೆಳಗಿನ ಒಬಿಡಿ ಸಾಕೆಟ್ಟಿಗೆ ಚುಚ್ಚುವ ಅಗ್ಗದ ಬ್ಲೂಟೂತ್ ಅಡಾಪ್ಟರ್‌ಗಳಲ್ಲಿ ಬಹಳಷ್ಟು ಇಂಜಿನ್ ಕೋಡ್ ಮಾತ್ರ ಓದುತ್ತವೆ. ಎಬಿಎಸ್ ಓದುತ್ತದೆ ಎಂದು, ಅದೂ ನಿಮ್ಮ ಕಾರಿನ ಮಾಡೆಲ್‌ಗೆ, ಖಾತ್ರಿ ಮಾಡಿಕೊಂಡೇ ಕೊಳ್ಳಿ. ಪಕ್ಕದ ಗ್ಯಾರೇಜಿನಲ್ಲಿ ಬರೀ ಕೋಡ್ ಓದಿಸಿಕೊಂಡು ಬಂದರೂ ಆಯಿತು. ಎಬಿಎಸ್ ಕೋಡ್‌ಗಳು ಸಿ ಅಕ್ಷರದಿಂದ ಶುರುವಾಗುತ್ತವೆ. ಸಾಮಾನ್ಯ ಪಟ್ಟಿಯಲ್ಲಿ ಸಿ0035 ಎಂದರೆ ಮುಂದಿನ ಎಡ, ಸಿ0040 ಮುಂದಿನ ಬಲ, ಸಿ0045 ಹಿಂದಿನ ಎಡ, ಸಿ0050 ಹಿಂದಿನ ಬಲ. ಕಂಪನಿಗಳು ತಮ್ಮದೇ ಸಂಖ್ಯೆ ಇಟ್ಟುಕೊಳ್ಳುವುದೂ ಉಂಟು. ಎಡ ಬಲ ಎನ್ನುವುದು ಸೀಟಿನಲ್ಲಿ ಕೂತು ಮುಂದೆ ನೋಡುವವರ ಎಡ ಬಲ. ಅಮೆರಿಕದ ವಿಡಿಯೋ ನೋಡಿ ಕೆಲಸ ಮಾಡುವವರು ಇಲ್ಲಿ ಎಡವುತ್ತಾರೆ: ಅವರ ‘ಡ್ರೈವರ್ ಸೈಡ್’ ನಮ್ಮ ಎಡಗಡೆ.

ಕೋಡಿನ ಸಂಖ್ಯೆಗಿಂತ ಅದರ ಮಾತನ್ನು ಗಮನಿಸಿ. ಸರ್ಕ್ಯೂಟ್ ಓಪನ್ ಅಥವಾ ಶಾರ್ಟ್ ಎಂದಿದ್ದರೆ ವೈರು, ಕಪ್ಲರ್, ಇಲ್ಲವೇ ಸೆನ್ಸರಿನ ಒಳಭಾಗದ ಮೇಲೆ ಅನುಮಾನಪಡಿ, ಒರೆಸಿ ಪ್ರಯೋಜನವಿಲ್ಲ. ಸಿಗ್ನಲ್ ಏರುಪೇರು ಎಂಬ ಅರ್ಥ ಬಂದರೆ ಕೊಳೆ, ತುಕ್ಕು, ಉಂಗುರ, ಬೇರಿಂಗ್ ಕಡೆ ನೋಡಿ. ಸ್ಕ್ಯಾನರಿನಲ್ಲಿ ನಾಲ್ಕೂ ಚಕ್ರದ ವೇಗವನ್ನು ಒಟ್ಟಿಗೆ ತೋರಿಸುವ ಲೈವ್ ಡೇಟಾ ಇದ್ದರೆ, ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು ಖಾಲಿ ರಸ್ತೆಯಲ್ಲಿ 20 ಕಿ.ಮೀ. ವೇಗದಲ್ಲಿ ಹೋಗಿ, ನಿಧಾನಕ್ಕೆ ನಿಲ್ಲಿಸಿ. ಮೂರು ಸಂಖ್ಯೆ ಒಟ್ಟಿಗೆ ಇಳಿಯುವಾಗ ಒಂದು ಮೊದಲೇ ಸೊನ್ನೆಗೆ ಬಿದ್ದರೆ ನಿಮ್ಮ ಚಕ್ರ ಸಿಕ್ಕಿತು.

ಬಿಚ್ಚುವ ಮೊದಲು ಇನ್ನೆರಡು ವಿಷಯ ನೆನಪಿಸಿಕೊಳ್ಳಿ. ಲೈಟ್ ಹತ್ತಿದ್ದು ಬೇರೆ ಅಳತೆಯ ಸ್ಟೆಪ್ನಿ ಹಾಕಿದ ಮೇಲೆಯೋ? ಚಿಕ್ಕ ಟೈರು ಬೇಗ ತಿರುಗುತ್ತದೆ, ಅದನ್ನೇ ದೋಷವೆಂದು ಕಂಪ್ಯೂಟರ್ ಓದಬಹುದು. ಬ್ಯಾಟರಿ ಸೋತಿದೆಯೋ? ವೋಲ್ಟೇಜ್ ಕುಸಿದರೂ ಎಬಿಎಸ್ ಲೈಟ್ ಹತ್ತುತ್ತದೆ.

ಸಾಮಾನು, ಮತ್ತು ಕಾರು ಎತ್ತುವುದು

ಜಾಕ್, ಆ್ಯಕ್ಸಲ್ ಸ್ಟ್ಯಾಂಡ್, ಚಕ್ರಕ್ಕೆ ಕೊಡುವ ಅಡ್ಡೆ, ವೀಲ್ ಸ್ಪ್ಯಾನರ್, ಸಾಕೆಟ್ ಸೆಟ್ (ಬಹಳ ಕಾರುಗಳಲ್ಲಿ ಸೆನ್ಸರಿನ ಬೋಲ್ಟ್ 10 ಎಂಎಂ, ಕೆಲವು ಯುರೋಪಿನ ಕಾರುಗಳಲ್ಲಿ ಅಲೆನ್ ಅಥವಾ ಟಾರ್ಕ್ಸ್), ತುಕ್ಕು ಬಿಡಿಸುವ ಸ್ಪ್ರೇ, ಕಾಂಟ್ಯಾಕ್ಟ್ ಕ್ಲೀನರ್, ನೈಲಾನ್ ಬ್ರಷ್, ಹತ್ತಿ ಬಟ್ಟೆ, ನುಣುಪು ಎಮರಿ ಪೇಪರ್, ಮಲ್ಟಿಮೀಟರ್, ಟಾರ್ಚ್, ಮಾಸ್ಕ್, ಕನ್ನಡಕ. ಟಾರ್ಕ್ ರೆಂಚ್ ಇದ್ದರೆ ಒಳ್ಳೆಯದು.

ಕಾರಿನ ಜೊತೆ ಬರುವ ಜಾಕ್ ಚಕ್ರ ಬದಲಿಸಲು ಮಾತ್ರ. ಅದರ ಮೇಲೆ ನಿಂತ ಕಾರಿನ ಕೆಳಗೆ ಕೈ ತಲೆ ಹಾಕಬೇಡಿ. ಎತ್ತಿದ ಮೇಲೆ ಸ್ಟ್ಯಾಂಡ್ ಮೇಲೆ ಇಳಿಸಿ. ಇಟ್ಟಿಗೆ, ಹಾಲೋ ಬ್ಲಾಕ್ ಪೇರಿಸಿ ನಿಲ್ಲಿಸುವುದು ಬೇಡವೇ ಬೇಡ, ಭಾರ ಒಂದು ಕಡೆ ವಾಲಿದರೆ ಅವು ಏಕಾಏಕಿ ಪುಡಿಯಾಗುತ್ತವೆ. ಅಂಗಳ ಮಣ್ಣಿನದಾದರೆ ಮಳೆ ನಿಂತು ನೆಲ ಗಟ್ಟಿಯಾಗುವವರೆಗೆ ಕಾಯಿರಿ, ಸ್ಟ್ಯಾಂಡಿನ ಕೆಳಗೆ ದಪ್ಪ ಹಲಗೆ ಕೊಡಿ. ಮುಂದಿನ ಚಕ್ರ ಎತ್ತುವುದಾದರೆ ಹ್ಯಾಂಡ್ ಬ್ರೇಕ್ ಎಳೆದು ಹಿಂದಿನ ಎರಡೂ ಚಕ್ರಕ್ಕೆ ಅಡ್ಡೆ. ಹಿಂದಿನದಾದರೆ ಚಕ್ರ ತಿರುಗಿಸಿ ನೋಡಲು ಹ್ಯಾಂಡ್ ಬ್ರೇಕ್ ಇಳಿಸಬೇಕಾಗುತ್ತದೆ. ಆಗ ಮುಂದಿನ ಚಕ್ರಗಳಿಗೆ ಎರಡೂ ಬದಿಯಿಂದ ಅಡ್ಡೆ ಕೊಟ್ಟು, ಮುಂದಿನ ಚಕ್ರ ಓಡಿಸುವ ಕಾರಾದರೆ ಗೇರಿನಲ್ಲಿ ಇಡಿ. ಚಕ್ರದ ನಟ್‌ಗಳನ್ನು ನೆಲದ ಮೇಲಿರುವಾಗಲೇ ಕಾಲು ಸುತ್ತು ಸಡಿಲಿಸಿ.

ಬಿಚ್ಚುವ ಮೊದಲು ಕಣ್ಣು

ಚಕ್ರ ಬಿಚ್ಚಿದ ಕೂಡಲೇ ಸ್ಪ್ಯಾನರ್ ಎತ್ತಿಕೊಳ್ಳಬೇಡಿ. ಸ್ಟೇರಿಂಗನ್ನು ಹೊರಕ್ಕೆ ತಿರುಗಿಸಿ, ಇಗ್ನಿಷನ್ ಆಫ್ ಮಾಡಿ ಕೀ ಜೇಬಿಗೆ ಹಾಕಿಕೊಳ್ಳಿ, ಟಾರ್ಚ್ ಹಿಡಿದು ಕೂತುಕೊಳ್ಳಿ. ಡಿಸ್ಕಿನ ಹಿಂದೆ ಹಬ್ಬಿಗೆ ಚುಚ್ಚಿಕೊಂಡು, ಒಂದೇ ಬೋಲ್ಟಿನಲ್ಲಿ ನಿಂತು, ಕಪ್ಪು ವೈರು ಹೊರಟಿರುವುದೇ ಸೆನ್ಸರ್. ಆ ವೈರನ್ನು ಬೆರಳಿನಲ್ಲಿ ಹಿಡಿದು ಕೊನೆಯವರೆಗೂ ಹೋಗಿ. ಶಾಕ್ ಅಬ್ಸಾರ್ಬರಿನ ಕ್ಲಿಪ್ ಬಿಟ್ಟು ವೈರು ಟೈರಿಗೆ ತಾಗುತ್ತಿದೆಯೇ, ಎಲ್ಲಾದರೂ ಸಿಪ್ಪೆ ಎದ್ದಿದೆಯೇ, ಬಗ್ಗಿಸಿದಾಗ ಒಂದು ಕಡೆ ಮಾತ್ರ ಮೆತ್ತಗೆ ಮಡಚಿಕೊಳ್ಳುತ್ತದೆಯೇ? ಮೆತ್ತಗಾದ ಕಡೆ ಒಳಗಿನ ತಾಮ್ರ ಮುರಿದಿರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಕಾರನ್ನು ವಾರಗಟ್ಟಲೆ ನಿಲ್ಲಿಸುವ ಮನೆಗಳಲ್ಲಿ ಇಲಿ ಕಡಿದ ಗುರುತನ್ನೂ ಹುಡುಕಿ.

ಮುಂದಿನ ಸೆನ್ಸರಿನ ಕಪ್ಲರ್ ಸಾಮಾನ್ಯವಾಗಿ ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆಯ ಹಿಂದೆ ಅಥವಾ ಬಾನೆಟ್ ಕೆಳಗೆ ಇರುತ್ತದೆ. ಹಿಂದಿನದು ಕಾರಿನ ಅಡಿಯಲ್ಲಿ ಇಲ್ಲವೇ ಹಿಂದಿನ ಸೀಟಿನ ಕೆಳಗೆ. ಲಾಕ್ ಒತ್ತಿ ಬಿಡಿಸಿ, ವೈರು ಹಿಡಿದು ಎಳೆಯಬೇಡಿ. ಪಿನ್ನುಗಳ ಮೇಲೆ ಹಸಿರು ಪುಡಿ ಕಂಡರೆ ಅದು ನೀರಿನ ಕೆಲಸ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಹಳೆಯ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಒಣಗಿಸಿ, ರಬ್ಬರ್ ಸೀಲಿಗೆ ಡೈಎಲೆಕ್ಟ್ರಿಕ್ ಗ್ರೀಸ್ ಸ್ವಲ್ಪ ಸವರಿ ಮತ್ತೆ ಕೂರಿಸಿ. ವಾಟರ್ ಸರ್ವಿಸ್ ಮಾಡಿಸಿದ ಮಾರನೇ ದಿನ ಹತ್ತಿದ ಲೈಟಾದರೆ ಕೆಲಸ ಇಲ್ಲಿಗೇ ಮುಗಿಯುವ ಸಾಧ್ಯತೆ ಹೆಚ್ಚು.

ಸೆನ್ಸರ್ ಹೊರಗೆ ತೆಗೆಯುವುದು

ಇಡೀ ಕೆಲಸದಲ್ಲಿ ತಾಳ್ಮೆ ಬೇಕಾದದ್ದು ಇಲ್ಲಿ. ಸುತ್ತಲಿನ ಮಣ್ಣನ್ನು ಮೊದಲು ಬ್ರಷ್‌ನಿಂದ ತೆಗೆಯಿರಿ, ಇಲ್ಲದಿದ್ದರೆ ಅದೆಲ್ಲ ತೂತಿನೊಳಗೆ ಬೀಳುತ್ತದೆ. ಬ್ರೇಕ್ ಪುಡಿಯನ್ನು ಗಾಳಿ ಹೊಡೆದು ಹಾರಿಸಬೇಡಿ, ಅದು ಶ್ವಾಸಕೋಶಕ್ಕೆ ಹೋಗುವಂಥದ್ದಲ್ಲ. ಬೋಲ್ಟಿಗೆ ತುಕ್ಕು ಬಿಡಿಸುವ ಸ್ಪ್ರೇ ಹಾಕಿ ಕಾದು, ನಿಧಾನಕ್ಕೆ ಬಿಚ್ಚಿ. ಸ್ಪ್ರೇ ಡಿಸ್ಕಿಗೂ ಪ್ಯಾಡಿಗೂ ಬೀಳದಂತೆ ಬಟ್ಟೆ ಅಡ್ಡ ಹಿಡಿಯಿರಿ. ಬಿದ್ದರೆ ಬ್ರೇಕ್ ಕ್ಲೀನರ್‌ನಲ್ಲಿ ಡಿಸ್ಕನ್ನು ಪೂರ್ತಿ ಒರೆಸಬೇಕು, ನೆನೆದ ಪ್ಯಾಡನ್ನು ಬದಲಿಸಬೇಕು.

ಬೋಲ್ಟ್ ಬಂದರೂ ಸೆನ್ಸರ್ ಬರುವುದಿಲ್ಲ, ತುಕ್ಕು ಅದನ್ನು ಹಿಡಿದುಕೊಂಡಿರುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಪ್ಲಾಸ್ಟಿಕ್ ಕಿವಿ ಮುರಿಯುತ್ತದೆ, ಸುತ್ತಿಗೆ ಹೊಡೆದರೆ ಒಳಗಿನ ಚಿಪ್ ಹೋಗುತ್ತದೆ. ಸ್ಪ್ರೇ ಹಾಕಿ, ಸೆನ್ಸರನ್ನು ಬೋಲ್ಟಿನ ಕಿವಿ ಹಿಡಿದು ಎಡಕ್ಕೆ ಬಲಕ್ಕೆ ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಸ್ಪ್ರೇ, ಮತ್ತೆ ತಿರುಗಿಸಿ. ತಿರುಗಲು ಶುರುವಾದ ಮೇಲೆ ತಿರುಗಿಸುತ್ತಲೇ ಮೇಲಕ್ಕೆ ಎಳೆಯಿರಿ. ಅರ್ಧ ದಿನ ಹಿಡಿದರೂ ಹಿಡಿಯಲಿ. ಬರಲೇ ಇಲ್ಲವೆಂದರೆ, ಮತ್ತು ಅಳತೆಯಲ್ಲಿ ಸೆನ್ಸರ್ ಸರಿಯಿದೆ ಎಂದು ಬಂದರೆ, ಅದನ್ನು ಅಲ್ಲೇ ಬಿಟ್ಟು ಬೋಲ್ಟ್ ಹಾಕಿ. ತುಂಡಾಗಿ ಒಳಗೇ ಉಳಿದರೆ ಡಿಸ್ಕ್ ಬಿಚ್ಚಿ ಹಿಂದಿನಿಂದ ಹೊರದಬ್ಬಬೇಕಾಗುತ್ತದೆ, ಅಷ್ಟಕ್ಕೆ ಕೈ ಹಾಕುವ ಅಭ್ಯಾಸವಿಲ್ಲದವರು ಮೆಕ್ಯಾನಿಕ್ಕಿಗೆ ಕೊಡುವುದೇ ಲೇಸು.

ಒರೆಸುವುದು

ಹೊರಬಂದ ಸೆನ್ಸರಿನ ತುದಿಯಲ್ಲಿ ಸಣ್ಣ ಕಪ್ಪು ಮುಳ್ಳುಗಳಂತೆ ಪುಡಿ ಎದ್ದು ನಿಂತಿದ್ದರೆ ಅದು ಡಿಸ್ಕ್ ಮತ್ತು ಪ್ಯಾಡ್ ಸವೆದು ಬಂದ ಕಬ್ಬಿಣ, ಆಯಸ್ಕಾಂತಕ್ಕೆ ಅಂಟಿರುತ್ತದೆ. ಸೋಪು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಅಥವಾ ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಒರೆಸಿ ತೆಗೆಯಿರಿ. ಪೆಟ್ರೋಲ್ ಬೇಡ, ತಂತಿ ಬ್ರಷ್ ಬೇಡ, ತುದಿಗೆ ಎಮರಿ ಪೇಪರ್ ಮುಟ್ಟಿಸಲೇ ಬೇಡಿ. ತುದಿ ಸವೆದು ಗೀರು ಬಿದ್ದಿದ್ದರೆ ಉಂಗುರ ತಾಗಿದೆ ಎಂದರ್ಥ, ಅಂದರೆ ಬೇರಿಂಗ್ ಆಡುತ್ತಿದೆ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡಿ.

ಈಗ ತೂತು ಮತ್ತು ಸೆನ್ಸರ್ ಕೂರುವ ಚಪ್ಪಟೆ ಜಾಗ. ತೂತಿನ ತಳಕ್ಕೆ ಬಟ್ಟೆಯ ಚೂರು ತುರುಕಿ, ಎಮರಿ ಪೇಪರನ್ನು ಪೆನ್ಸಿಲ್ಲಿಗೆ ಸುತ್ತಿ ಗೋಡೆಯ ತುಕ್ಕು ತೆಗೆಯಿರಿ. ಚಪ್ಪಟೆ ಜಾಗ ಲೋಹ ಹೊಳೆಯುವವರೆಗೆ ಉಜ್ಜಿ. ಮೊದಲು ಹೇಳಿದ ‘ನಿಲ್ಲುವಾಗ ಪೆಡಲ್ ಒದೆಯುವ’ ತೊಂದರೆ ಹೋಗುವುದು ಇಲ್ಲಿ. ಪುಡಿಯ ಸಮೇತ ಬಟ್ಟೆಯನ್ನು ಹೊರಗೆ ತೆಗೆಯಲು ಮರೆಯಬೇಡಿ.

ತೂತಿನಿಂದ ಟಾರ್ಚ್ ಬಿಟ್ಟು ಉಂಗುರ ನೋಡಿ, ಚಕ್ರವನ್ನು ಒಂದು ಪೂರ್ತಿ ಸುತ್ತು ತಿರುಗಿಸುತ್ತ. ಹಲ್ಲುಚಕ್ರವಾದರೆ ಹಲ್ಲುಗಳ ನಡುವಿನ ಗಟ್ಟಿಮಣ್ಣನ್ನು ನೈಲಾನ್ ಬ್ರಷ್‌ನಿಂದ ಬಿಡಿಸಿ. ನಾಟಿ ಕಾಲದಲ್ಲಿ ಟ್ರ್ಯಾಕ್ಟರ್‌ಗಳು ಕೆಸರು ಚೆಲ್ಲುವ ಹಳ್ಳಿದಾರಿಯಲ್ಲಿ ಓಡುವ ಕಾರಿನಲ್ಲಿ ಇದು ಒಣಗಿ ಕಲ್ಲಾಗಿರುತ್ತದೆ. ಉಂಗುರಕ್ಕೆ ಬಿರುಕು ಬಿಟ್ಟಿದ್ದರೆ ಎಷ್ಟು ಸೆನ್ಸರ್ ಬದಲಿಸಿದರೂ ಉಪಯೋಗವಿಲ್ಲ. ಕಪ್ಪು ಆಯಸ್ಕಾಂತದ ಪಟ್ಟಿಯಾದರೆ ಮೆತ್ತನೆಯ ಬಟ್ಟೆ ಮಾತ್ರ. ಆಯಸ್ಕಾಂತದ ತುದಿಯ ಸ್ಕ್ರೂಡ್ರೈವರ್, ಬಲವಾದ ಮ್ಯಾಗ್ನೆಟ್ ಯಾವುದನ್ನೂ ಅದರ ಹತ್ತಿರ ತರಬೇಡಿ. ಧ್ರುವಗಳು ಕೆಟ್ಟರೆ ಬೇರಿಂಗನ್ನೇ ಬದಲಿಸಬೇಕು.

ಬೇರಿಂಗ್ ಬದಲಿಸಿದ ಮೇಲೆ ಹತ್ತಿದ ಲೈಟಿನ ಕತೆ ಬೇರೆ. ಆಯಸ್ಕಾಂತದ ಪಟ್ಟಿ ಬೇರಿಂಗಿನ ಒಂದೇ ಬದಿಗಿರುತ್ತದೆ, ಆ ಬದಿ ಸೆನ್ಸರಿನ ಕಡೆ ಬರಬೇಕು. ತಿರುವಿ ಹಾಕಿದರೂ ಬೇರಿಂಗ್ ಸಲೀಸಾಗಿ ಕೂರುತ್ತದೆ, ಚಕ್ರ ಸದ್ದಿಲ್ಲದೆ ಓಡುತ್ತದೆ, ಸಿಗ್ನಲ್ ಮಾತ್ರ ಇರುವುದಿಲ್ಲ. ಹಾಕುವ ಮೊದಲು ಎರಡೂ ಬದಿಗೆ ಒಂದು ಹಗುರ ಗುಂಡುಪಿನ್ನು ಹಿಡಿದು ನೋಡಿದರೆ ಎಳೆಯುವ ಬದಿ ಯಾವುದೆಂದು ತಿಳಿಯುತ್ತದೆ. ಈಗಾಗಲೇ ತಪ್ಪಾಗಿ ಕೂರಿಸಿದ್ದರೆ ಪ್ರೆಸ್ ಇರುವ ವರ್ಕ್‌ಶಾಪಿಗೆ ಹೋಗಬೇಕು.

ಅಳೆಯುವುದು

ಹಳೆಯ ಸುರುಳಿ ಬಗೆಗೆ: ಕಪ್ಲರ್ ಬಿಡಿಸಿ, ಸೆನ್ಸರ್ ಕಡೆಯ ಎರಡು ಪಿನ್ನಿಗೆ ಮೀಟರ್ ಹಿಡಿದರೆ ಸಾಮಾನ್ಯವಾಗಿ 800ರಿಂದ 2500 ಓಮ್ ನಡುವೆ ಎಲ್ಲೋ ಬರಬೇಕು. ಮೀಟರ್ ಏನೂ ತೋರಿಸದಿದ್ದರೆ ಸುರುಳಿಯೋ ವೈರೋ ಕಡಿದಿದೆ, ಸೊನ್ನೆಯ ಬಳಿ ಇದ್ದರೆ ಶಾರ್ಟ್. ಆಮೇಲೆ ಮೀಟರನ್ನು ಎಸಿ ಮಿಲಿವೋಲ್ಟ್‌ಗೆ ಹಾಕಿ, ಸೆನ್ಸರ್ ತನ್ನ ಜಾಗದಲ್ಲಿರುವಾಗ ಚಕ್ರವನ್ನು ಕೈಯಲ್ಲಿ ಸೆಕೆಂಡಿಗೆ ಒಂದು ಸುತ್ತಿನಂತೆ ತಿರುಗಿಸಿ. ಎದುರು ಬದಿಯ ಚಕ್ರದಲ್ಲೂ ಹೀಗೇ ಅಳೆದು ಹೋಲಿಸಿ. ಪುಸ್ತಕದ ಸಂಖ್ಯೆಗಿಂತ ಈ ಹೋಲಿಕೆ ಹೆಚ್ಚು ನಂಬಿಗಸ್ತ.

ಚಿಪ್ ಇರುವ ಸೆನ್ಸರಿಗೆ ಓಮ್ ಅಳತೆ ಹಿಡಿಯಬೇಡಿ, ಅರ್ಥವಿರುವ ಸಂಖ್ಯೆ ಬರುವುದಿಲ್ಲ, ಚಿಪ್ಪಿಗೂ ಒಳ್ಳೆಯದಲ್ಲ. ಕಪ್ಲರ್ ಬಿಡಿಸಿ, ಇಗ್ನಿಷನ್ ಆನ್ ಮಾಡಿ, ಕಾರಿನ ಕಡೆಯ ಪಿನ್ನುಗಳ ನಡುವೆ ಡಿಸಿ ವೋಲ್ಟ್ ನೋಡಿ. ಬಹಳ ಕಾರುಗಳಲ್ಲಿ ಬ್ಯಾಟರಿಯ ಹತ್ತಿರದ ವೋಲ್ಟೇಜ್ ಕಾಣಬೇಕು. ಸರಿಯಿರುವ ಬದಿಯಲ್ಲಿ ಬಂದು ಈ ಬದಿಯಲ್ಲಿ ಬರದಿದ್ದರೆ ದೋಷ ಕಾರಿನ ವೈರಿಂಗಿನಲ್ಲೋ ಎಬಿಎಸ್ ಯೂನಿಟ್ಟಿನಲ್ಲೋ ಇದೆ, ಹೊಸ ಸೆನ್ಸರ್ ತರುವ ಖರ್ಚು ಉಳಿಯಿತು. ವೋಲ್ಟೇಜ್ ಸರಿಯಿದ್ದು, ಎಲ್ಲ ಒರೆಸಿದ ಮೇಲೂ ಸಿಗ್ನಲ್ ಇಲ್ಲ, ಉಂಗುರವೂ ಚೆನ್ನಾಗಿದೆ ಎಂದರೆ ಸೆನ್ಸರ್ ಬದಲಿಸಿ.

ಹೊಸದು ಕೂರಿಸುವುದು

ಹಳೆಯದರ ಪಾರ್ಟ್ ನಂಬರ್ ಮತ್ತು ಕಾರಿನ ಚಾಸಿಸ್ ನಂಬರ್ ಬರೆದುಕೊಂಡು ಹೋಗಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ, ಬೇರೆ ಊರಿನವರು ಕಂಪನಿಯ ಪಾರ್ಟ್ಸ್ ಕೌಂಟರಿನಲ್ಲಿ ಕೇಳಬಹುದು. ಎಡ ಬಲ, ಮುಂದೆ ಹಿಂದೆ ಬೇರೆ ಬೇರೆ ಇರಬಹುದು. ಗುಜರಿಯ ಸೆನ್ಸರ್ ಬೇಡ, ಅದರ ವೈರು ನಿಮ್ಮದರಷ್ಟೇ ವಯಸ್ಸಾದದ್ದು. ವೈರನ್ನು ನಡುವೆ ಕತ್ತರಿಸಿ ಜೋಡಿಸಿ ಟೇಪ್ ಸುತ್ತಿಕೊಡುವವರೂ ಇದ್ದಾರೆ. ಚಕ್ರದ ಜೊತೆ ಬಾಗುವ ಭಾಗದಲ್ಲಿ ಆ ಜೋಡಣೆ ನಿಲ್ಲುವುದಿಲ್ಲ.

ಸೆನ್ಸರಿನ ಮೈಗೆ, ತುದಿ ಬಿಟ್ಟು, ಬ್ರೇಕಿಗೆ ಬಳಸುವ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿ. ಮುಂದಿನ ಸಲ ಬಿಚ್ಚುವಾಗ ತುಕ್ಕು ಹಿಡಿದಿರುವುದಿಲ್ಲ. ಕೈಯಲ್ಲೇ ಒತ್ತಿ ಪೂರ್ತಿ ಕೂರಿಸಿ. ಬೋಲ್ಟ್ ಎಳೆದು ಕೂರಿಸುವಂತಾದರೆ ತೂತಿನಲ್ಲಿ ಇನ್ನೂ ತುಕ್ಕು ಇದೆ, ತೆಗೆದು ಮತ್ತೆ ಉಜ್ಜಿ. ಸೆನ್ಸರಿನ ಬೋಲ್ಟಿಗೆ ಹೆಚ್ಚಿನ ಕಾರುಗಳಲ್ಲಿ 8ರಿಂದ 10 ನ್ಯೂಟನ್ ಮೀಟರ್ ಬಿಗಿ ಸಾಕು, ಅಂದರೆ ಚಿಕ್ಕ ರ‍್ಯಾಚೆಟ್ಟಿನಲ್ಲಿ ಮಣಿಕಟ್ಟಿನ ಬಲ. ವೈರನ್ನು ಹಳೆಯ ದಾರಿಯಲ್ಲೇ ಒಯ್ದು, ಒಂದೊಂದು ಕ್ಲಿಪ್ಪೂ ರಬ್ಬರೂ ಅದರದರ ಜಾಗದಲ್ಲಿ ಕೂರಿಸಿ. ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ ವೈರು ಬಿಗಿಯುವುದೂ ಇಲ್ಲ, ಟೈರಿಗೆ ತಾಗುವುದೂ ಇಲ್ಲ ಎಂದು ನೋಡಿ. ಚಕ್ರ ಹಾಕಿ, ಕಾರು ಇಳಿಸಿ, ನಟ್‌ಗಳನ್ನು ಒಂದರ ಎದುರಿನದು ಒಂದರಂತೆ ಮ್ಯಾನುವಲ್ಲಿನಲ್ಲಿರುವಷ್ಟು ಬಿಗಿ ಮಾಡಿ. ಸಣ್ಣ ಕಾರುಗಳಿಗೆ ಅದು ಸುಮಾರು 100 ನ್ಯೂಟನ್ ಮೀಟರ್.

ಸ್ಕ್ಯಾನರಿನಲ್ಲಿ ಕೋಡ್ ಅಳಿಸಿ ಹೊರಡಿ. ಕಾರು ಸ್ವಲ್ಪ ವೇಗ ಪಡೆದ ಮೇಲೆ ಎಬಿಎಸ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ, ಆದ್ದರಿಂದ ನಿಂತಲ್ಲೇ ಲೈಟ್ ಆರದಿದ್ದರೆ ಗಾಬರಿ ಬೇಡ. ಹಿಂದೆ ಮುಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ, ಎಲ್ಲರೂ ಸೀಟ್ ಬೆಲ್ಟ್ ಹಾಕಿಕೊಂಡು, 30 ಕಿ.ಮೀ. ವೇಗದಿಂದ ಮೊದಲು ಮೆಲ್ಲಗೆ ನಿಲ್ಲಿಸಿ. ಪೆಡಲ್ ಒದೆಯಬಾರದು. ಆಮೇಲೆ ಸಡಿಲ ಜಲ್ಲಿಯ ಮೇಲೆ ಅದೇ ವೇಗದಲ್ಲಿ ಒಮ್ಮೆ ಗಟ್ಟಿಯಾಗಿ ತುಳಿಯಿರಿ. ಈಗ ಪೆಡಲ್ ಗಡಗಡ ಎನ್ನಬೇಕು, ಸ್ಟೇರಿಂಗ್ ತಿರುಗಿಸಿದ ಕಡೆಗೇ ಕಾರು ಹೋಗಬೇಕು. ಚಕ್ರದ ನಟ್‌ಗಳನ್ನು 50 ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿ.